ಜಿನ್ಬುವಿನವಳ ಬೆಳಕಿನ ಮಡಕೆಗಳು

ಮೊಳಕೆ ಮಡಕೆ ಇರುವ ಮನೆಗೆ ಹೋದವರು ಮೊದಲು ಅದಕ್ಕೊಂದು ಸೋರೆ ಬುರುಡೆ ನೀರು ಹಾಕಿ, ಮೇಲಿನ ಬಟ್ಟೆ ಸರಿಯಾಗಿ ಮುಚ್ಚಿ, ಆಮೇಲೆ ಕೂರಬೇಕು. ನಮ್ಮ ಬೊಂಗ್‌ಪ್ಯಾಂಗ್ ಕಣಿವೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಜಗಳ ಮಾಡಲು ಹೋದವರು ಕೂಡ ನೀರು ಹಾಕಿ, ಮುಚ್ಚಿ, ಆಮೇಲೇ ಬಾಯಿ ತೆಗೆಯುತ್ತಾರೆ.

ಜಿನ್ಬುವಿನವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವಳ ಹೆಸರು ಬಾಂಗ್ ಓಕ್ಸಿಮ್. ಆ ಹೆಸರನ್ನು ಆಸ್ಪತ್ರೆಯಲ್ಲಿ ಕೂಗುತ್ತಾರೆ, ಊರಿನಲ್ಲಿ ಯಾರೂ ಕೂಗುವುದಿಲ್ಲ. ಮದುವೆಯಾಗಿ ಬಂದ ಹೆಂಗಸನ್ನು ನಾವು ತವರೂರಿನಿಂದಲೇ ಕರೆಯುವುದು. ಅವಳು ಜಿನ್ಬು ಪೇಟೆಯಿಂದ ಬಂದಳು, ಹಾಗಾಗಿ ಜಿನ್ಬುವಿನವಳು. ಹತ್ತೊಂಬತ್ತಕ್ಕೆ ಬಂದಳು, ಈಗ ಎಪ್ಪತ್ತೊಂದು. ನಾನು ಅವಳಿಗಿಂತ ಮೂರು ವರ್ಷ ಮೊದಲು ಬಂದವಳು, ಅದಕ್ಕೇ ನನ್ನನ್ನು ಅಕ್ಕ ಅನ್ನುತ್ತಾಳೆ. ವಯಸ್ಸಿನಲ್ಲಿ ನಾನು ಎಂಟೇ ತಿಂಗಳು ದೊಡ್ಡವಳು.

ಬಂದ ನಾಲ್ಕನೆಯ ತಿಂಗಳಿಗೆ ಗಂಡನ ಅಜ್ಜನ ತಿಥಿ ಬಂತು. ತಿಥಿಯ ಎಡೆಗೆ ಸೋಯಾ ಕಾಳಿನ ಮೊಳಕೆಯ ಪಲ್ಯ ಇರಲೇಬೇಕು. ಮೊಳಕೆ ಬೆಳೆಸುವ ಕೆಲಸ ಹೊಸ ಸೊಸೆಯದಾಯಿತು. ತೂತಿನ ಮಡಕೆ, ಅದರ ಕೆಳಗೆ ನೀರಿನ ಬಾನಿ, ಮೇಲೆ ಕಪ್ಪು ಬಟ್ಟೆ, ಎಲ್ಲ ಸರಿಯಾಗಿಯೇ ಇತ್ತು. ಮೂರನೆಯ ದಿನ ಮೊಳಕೆಗೆ ಚಳಿಯಾದೀತು ಅಂತ ಅವಳಿಗೆ ಅನ್ನಿಸಿತು. ಬಟ್ಟೆ ತೆಗೆದು ಮಡಕೆಯನ್ನು ಅಂಗಳದ ಬಿಸಿಲಿಗೆ ಇಟ್ಟಳು. ಸಂಜೆ ಹೊತ್ತಿಗೆ ತಲೆಗಳೆಲ್ಲ ಹಸಿರಾಗಿದ್ದವು. ಎರಡು ದಿನ ಕಳೆಯುವಷ್ಟರಲ್ಲಿ ಕಾಂಡ ನಾರಾಯಿತು. ಅತ್ತೆ ಬಯ್ಯಲಿಲ್ಲ. ಅದೇ ಹಸಿರು ಮೊಳಕೆ ಬೇಯಿಸಿ, ಎಡೆಯ ಮೇಲೆ ಮುಂದಿನ ಸಾಲಿನಲ್ಲಿಟ್ಟು, ಕೇಳಿದ ನೆಂಟರಿಗೆಲ್ಲ, "ನಮ್ಮ ಹೊಸ ಸೊಸೆ ಬೆಳೆಸಿದ್ದು" ಅಂದರು. ಅಷ್ಟೇ. ನೆಂಟರು ಇಪ್ಪತ್ತಮೂರು ಜನ ಇದ್ದರು. ಎಲ್ಲರೂ ತುಂಬ ಹೊತ್ತು ಅಗಿದರು.

ಬೆಳಕು ಕಂಡ ಮೊಳಕೆಯೂ ಪೇಟೆ ಕಂಡ ಸೊಸೆಯೂ ಬೇಯುವುದಿಲ್ಲ ಅಂತ ದೊಡ್ಡಮನೆ ಅಕ್ಕ ಆವತ್ತು ಹೇಳಿದರು. ಗಂಡನ ಅಣ್ಣನ ಮನೆಯನ್ನು ದೊಡ್ಡಮನೆ ಅನ್ನುತ್ತೇವೆ. ಆ ಮನೆಯ ಹೆಂಗಸು ಜಿನ್ಬುವಿನವಳಿಗೆ ಓರಗಿತ್ತಿ. ಈಗ ಎಂಬತ್ನಾಲ್ಕು. ಪ್ರತಿ ವರ್ಷ ಅದೇ ತಿಥಿಯ ದಿನ ಪಲ್ಯದ ಬಟ್ಟಲು ನೋಡಿ, "ಈ ಸಲವೂ ಹಸಿರಿಲ್ಲ" ಅನ್ನುತ್ತಾರೆ. ಐವತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಬೆನ್ನು ಆಪರೇಷನ್ ಆದ ವರ್ಷ ಫೋನ್ ಮಾಡಿ ಕೇಳಿದರು.

ಜಿನ್ಬುವಿನವಳೂ ತಪ್ಪಲಿಲ್ಲ. ಆಮೇಲೆ ಅವಳ ಮಡಕೆಯಲ್ಲಿ ಒಂದು ಮೊಳಕೆಯೂ ಹಸಿರಾಗಲಿಲ್ಲ. ಮದುವೆಗೆ, ಸಾವಿಗೆ, ಶಾಲೆಯ ಆಟದ ದಿನಕ್ಕೆ ಊರು ಅವಳ ಮೊಳಕೆಯನ್ನೇ ತಿಂದಿತು. ಗಂಡ ಆಲೂಗಡ್ಡೆ ಲಾರಿ ಓಡಿಸುತ್ತಿದ್ದ. ಮಾತು ಕಡಿಮೆ. ಮಲಗುವ ಮೊದಲು ಮಡಕೆಗೆ ಕೊನೆಯ ನೀರು ಹಾಕುವುದು ಅವನ ಪಾಲು. ಶ್ವಾಸಕೋಶದ ಕಾಯಿಲೆಯಿಂದ ಹದಿನಾರು ವರ್ಷದ ಹಿಂದೆ ತೀರಿಕೊಂಡ. ಅಂದಿನಿಂದ ಆ ನೀರನ್ನೂ ಅವಳೇ ಹಾಕುತ್ತಾಳೆ.

ಇನ್ನು ಮೆಮಿಲ್ ವಿಚಾರ. ಪೇಟೆಯವರು ಬಕ್‌ವೀಟ್ ಅನ್ನುತ್ತಾರಲ್ಲ, ಮೂರು ಮೂಲೆಯ ಕಪ್ಪು ಕಾಳು, ಅದೇ. ನಮ್ಮ ಕಣಿವೆಯಲ್ಲಿ ಅದರದ್ದೇ ಶ್ಯಾವಿಗೆ, ಅದರದ್ದೇ ದೋಸೆ, ಅದರ ಹೊಟ್ಟಿನದ್ದೇ ತಲೆದಿಂಬು. ಆದರೆ ಅದನ್ನು ಮೊಳಕೆ ಬರಿಸಿ ತಿನ್ನುವುದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ. ಜಿನ್ಬುವಿನವಳ ಮಗಳು ಪೇಟೆ ಬೀದಿಯಲ್ಲಿ ಶ್ಯಾವಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಶ್ಯಾವಿಗೆಯ ಮೇಲೆ ಮೆಮಿಲ್ ಮೊಳಕೆ ಹಾಕಿ ಕೊಡುವುದನ್ನು ಅವಳು ಶುರು ಮಾಡಿದಳು, ತಾಯಿ ಬೆಳೆಸಿ ಕೊಟ್ಟಳು. ಅದೇ ಮಡಕೆ, ಅದೇ ಕಪ್ಪು ಬಟ್ಟೆ.

ಅಂಗಡಿಯಲ್ಲಿ ಆ ಮೊಳಕೆ ತಿಂದ ಒಬ್ಬಳು ಹುಡುಗಿ ಹೋದ ಚಳಿಗಾಲದಲ್ಲಿ ವಿಳಾಸ ಕೇಳಿಕೊಂಡು ಬಂದಳು. ಬೆಳೆ ಪರೀಕ್ಷೆ ಮಾಡುವ ಒಂದು ಕೇಂದ್ರದಿಂದ ಬಂದಿದ್ದಳು. ಹೆಸರು ಪ್ಯೋ. ಮೂವತ್ತು ಆಗಿರಬಹುದು. ಒಳಗೆ ಬಂದವಳೇ ಮಡಕೆಗೆ ನೀರು ಹಾಕದೆ ಕೂತಳು. ಪೇಟೆಯವಳು ಅಂತ ಸುಮ್ಮನಿದ್ದೆವು. ಆರು ಮಡಕೆ ಮೆಮಿಲ್ ಬೆಳೆಸಿಕೊಡಬೇಕು, ಮೂರು ಕತ್ತಲಲ್ಲಿ, ಮೂರು ಹಗಲಿನ ಬೆಳಕಿನಲ್ಲಿ, ಏಳು ದಿನ ಅಂತ ಕೇಳಿದಳು. ಕೇಂದ್ರದಲ್ಲಿ ದೀಪದ ಕೆಳಗೆ ಬೆಳೆಸಿ ನೋಡಿಯಾಗಿದೆಯಂತೆ, ಮನೆಯ ಬೆಳಕಿನಲ್ಲಿ ಹೇಗೆ ಬರುತ್ತದೆ ಅಂತ ನೋಡಬೇಕಂತೆ.

ಬೆಳಕಿನಲ್ಲಿ ಯಾಕೆ ಅಂತ ಜಿನ್ಬುವಿನವಳು ಕೇಳಿದಳು. ಕೇಳುವಾಗ ದನಿ ಸ್ವಲ್ಪ ಇಳಿದಿತ್ತು.

"ಮೊಳಕೆಯೊಳಗೆ ಪ್ರೋಟೀನು ಇರುತ್ತೆ ಅಜ್ಜಿ, ನೂರಾರು ಬಗೆ. ಕೆಲವು ಬೆಳಕು ಬಿದ್ದ ಮೇಲೇ ಎದ್ದು ಕೆಲಸ ಶುರು ಮಾಡ್ತವೆ. ಕೆಲವು ಕತ್ತಲಲ್ಲೇ ಹೆಚ್ಚು ದಿನ ಉಳ್ಕೊಳ್ತವೆ. ಯಾವುದು ಎಷ್ಟು ಅಂತ ನೋಡ್ಬೇಕು."

"ಮನೆ ಇದ್ದ ಹಾಗೆ ಅನ್ನು. ಬೆಳಗಾದ್ರೆ ಸೊಸೆ ಏಳ್ತಾಳೆ, ಕತ್ತಲಾದ್ರೆ ಅತ್ತೆ ಏಳ್ತಾಳೆ."

ಪ್ಯೋ ಮೇಡಂ ಅದನ್ನು ಬರೆದುಕೊಂಡಳು. ಯಾಕೆ ಬರೆದುಕೊಂಡಳೋ ಗೊತ್ತಿಲ್ಲ.

ಗಾಜು ಹಾಕಿಸಿದ ಜಗಲಿಯಲ್ಲಿ ಆರು ಮಡಕೆ ಇಟ್ಟಾಯಿತು. ಎಡಗಡೆ ಮೂರಕ್ಕೆ ಬಟ್ಟೆ, ಬಲಗಡೆ ಮೂರಕ್ಕೆ ಇಲ್ಲ. ಚಳಿಗಾಲದಲ್ಲಿ ನಮ್ಮ ಓಣಿಯವರೆಲ್ಲ ಕೂರುವುದು ಆ ಜಗಲಿಯಲ್ಲೇ, ಬಿಸಿಲು ಚೆನ್ನಾಗಿ ಬರುತ್ತದೆ. ಜಿನ್ಬುವಿನವಳು ಹೊತ್ತು ಹೊತ್ತಿಗೆ, ದಿನಕ್ಕೆ ಐದು ಸಲ ನೀರು ಹಾಕಿದಳು. ಎಂಟನೆಯ ದಿನ ಮೊಳಕೆ ನೋಡಿದರೆ ಆರೂ ಮಡಕೆಯಲ್ಲಿ ಉದ್ದಕ್ಕೆ, ಬೆಳ್ಳಗೆ, ಚೆಂದವಾಗಿ ಬಂದಿದ್ದವು. ಅವಳು ನನ್ನನ್ನು ಕರೆದು ತೋರಿಸಿದಳು. ಬೆಳಕಿನಲ್ಲಿಟ್ಟರೂ ಹಾಳಾಗದ ಹಾಗೆ ಬೆಳೆಸಿದೆನಲ್ಲ ಅಂತ ಅವಳಿಗೆ ಹೆಮ್ಮೆ. ನಾನೂ ಹೊಗಳಿದೆ.

ಪ್ಯೋ ಮೇಡಂ ಬಂದು ಆರೂ ಮಡಕೆ ನೋಡಿದಳು. ಕತ್ತರಿಸಿ, ಐಸ್ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ವಾರ ಬಿಟ್ಟು ಬಂದು ಇನ್ನೊಂದು ಸಲ ಬೆಳೆಸಿ ಅಂದಳು. ಬೆಳೆಸಿದ್ದಾಯಿತು. ಹಾಗೆಯೇ ಬೆಳ್ಳಗೆ ಬಂದವು. ಅವನ್ನೂ ಕೊಂಡುಹೋಗಿ, ಮತ್ತೆ ಬಂದಾಗ ಒಂದು ಫೋಟೋ ತಂದಿದ್ದಳು. ಮಗುವಿನ ಅಂಗಿಯ ಪಟ್ಟೆಯ ಹಾಗೆ ಗೆರೆ ಗೆರೆ. ಒಂದೊಂದು ಗೆರೆಯೂ ಒಂದೊಂದು ಪ್ರೋಟೀನಂತೆ. ಕೇಂದ್ರದ ದೀಪದ ಕೆಳಗೆ ಬೆಳೆದ ಮೊಳಕೆಯಲ್ಲಿ ಎರಡು ದಪ್ಪ ಗೆರೆ ಇದ್ದವು, ಕತ್ತಲೆಯದರಲ್ಲಿ ಇರಲಿಲ್ಲ. ಜಿನ್ಬುವಿನವಳ ಬೆಳಕಿನ ಮಡಕೆಯದರಲ್ಲೂ ಇರಲಿಲ್ಲ.

ಜೊತೆಗೆ ಒಂದು ಕಾಗದ ತಂದಿದ್ದಳು, ಪರೀಕ್ಷೆಯ ವರದಿ. ಅದಕ್ಕೆ ಬೆಳೆಸಿದವರ ಮೊಹರು ಬೇಕಂತೆ. ಬ್ಯಾಂಕಿಗೂ ಜಮೀನಿಗೂ ಒತ್ತುವ ಮರದ ಮೊಹರನ್ನು ಜಿನ್ಬುವಿನವಳು ಪೆಟ್ಟಿಗೆಯಿಂದ ತಂದಳು. ಅವಳಿಗೆ ತನ್ನ ಹೆಸರು ಮತ್ತು ಅಂಕಿಗಳು ಬಿಟ್ಟರೆ ಓದಲು ಬಾರದು. ಕಾಗದ ನನ್ನ ಕೈಗೆ ಕೊಟ್ಟಳು.

"ಅಕ್ಕ, ನನ್ನ ಹೆಸರಿನ ಕೆಳಗೆ ಏನೋ ಇದೆ. ಓದು."

ನಾನು ಬೆರಳಿಟ್ಟು ಓದಿದೆ. ಬೆಳೆಸಿದವರು ಬೆಳಕಿನ ಸೂಚನೆಯನ್ನು ಪಾಲಿಸಿಲ್ಲ ಅಂತ ಇತ್ತು.

"ಇನ್ನೊಂದ್ಸಲ."

ಇನ್ನೊಂದು ಸಲ ಓದಿದೆ.

"ನೀನು ಓದಿದ್ದು ಸರೀನಾ?"

"ಸರಿ ಅಂತ ಕಾಣುತ್ತೆ. ನಾನು ಕಲಿತದ್ದು ಎರಡೇ ಚಳಿಗಾಲ."

ಪ್ಯೋ ಮೇಡಂ ತಲೆ ಬಗ್ಗಿಸಿಕೊಂಡು, ಬಯ್ಯಲು ಬರೆದದ್ದಲ್ಲ, ಹಾಗೆ ಬರೆಯಲೇಬೇಕು, ಇಲ್ಲದಿದ್ದರೆ ಗೆರೆ ಯಾಕೆ ಬಂದಿಲ್ಲ ಅಂತ ಮೇಲಿನವರು ಕೇಳುತ್ತಾರೆ ಅಂದಳು. ಜಿನ್ಬುವಿನವಳು ಮೊಹರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದಳು. ಬೆಳೆಸಿದವಳು ಅಂತ ಅವಳ ಪೂರ್ತಿ ಹೆಸರು ಅಚ್ಚಾದದ್ದು ಅದೇ ಮೊದಲು. ಅದರ ಕೆಳಗೆ ಆ ಸಾಲು ಇರುವ ತನಕ ಮೊಹರು ಒತ್ತುವುದಿಲ್ಲ ಅಂದಳು. ತಾನು ಮಡಕೆ ಬಿಚ್ಚಿಟ್ಟಿದ್ದೆ, ಬಿಚ್ಚಿಟ್ಟಿದ್ದನ್ನು ಬಿಚ್ಚಿಟ್ಟಿಲ್ಲ ಅಂದರೆ ಹೇಗೆ ಅಂದಳು. ಕಾಗದ ವರ್ಷದ ಮೊದಲ ಹುಣ್ಣಿಮೆಯೊಳಗೆ ಮೇಲೆ ಹೋಗಬೇಕಿತ್ತು. ಒಂದು ಸಲ ಬೆಳೆಸುವಷ್ಟು ದಿನ ಇತ್ತು. ಒಂದೇ ಸಲ.

ಆ ಸಂಜೆ ಅವಳು ಕೂತು ಲೆಕ್ಕ ಹಾಕಿದಳು. ನೀರು ಹಾಕಲು ಹೋದಾಗ ಬಲಗಡೆಯ ಮಡಕೆಗಳ ಮೇಲೆ ಯಾವಾಗಲೂ ಏನಾದರೂ ಇರುತ್ತಿತ್ತು. ಚಾಪೆ ತುಂಡು, ಪತ್ರಿಕೆ, ಒಂದು ದಿನ ಯಾರದೋ ಟೋಪಿ. ತೆಗೆದಿಡುತ್ತಿದ್ದಳು, ಯೋಚನೆ ಮಾಡಿರಲಿಲ್ಲ. ಈಗ ಗೊತ್ತಾಯಿತು, ಕೂರಲು ಬಂದವರೆಲ್ಲ ನೀರು ಹಾಕಿ ಮುಚ್ಚಿದ್ದಾರೆ. ನನ್ನ ಮುಖ ನೋಡಿದಳು. ನಾನೂ ಮುಚ್ಚಿದ್ದೆ. ಎಷ್ಟು ಸಲ ಅಂತ ನೆನಪಿರಲಿಲ್ಲ. ಚಾಪೆ ನಂದೇ.

ಮಾರನೆಯ ದಿನ ಮೆಮಿಲ್ ನೆನೆಹಾಕಿ, ಅವಳು ಮನೆ ಮನೆಗೆ ಹೋದಳು. ಬಲಗಡೆ ಮೂರು ಮಡಕೆ ಮುಚ್ಚಬೇಡಿ ಅಂತ ಎಲ್ಲರಿಗೂ ಹೇಳಿದಳು. ಎಲ್ಲರೂ ಆಗಲಿ ಅಂದರು. ದೊಡ್ಡಮನೆಗೆ ನಾನೂ ಜೊತೆಗೆ ಹೋದೆ.

"ಹಸಿರು ತಿನ್ನಿಸೋ ಆಸೆ ನಿಂಗಿನ್ನೂ ತೀರಿಲ್ಲ" ಅಂದರು ದೊಡ್ಡಮನೆ ಅಕ್ಕ.

"ತಿನ್ನೋಕಲ್ಲ ಅಕ್ಕ. ಪರೀಕ್ಷೆಗೆ."

"ಐವತ್ತೆರಡು ವರ್ಷದ ಹಿಂದೆ ಮಾಡಿದ್ದೆಯಲ್ಲ ಪರೀಕ್ಷೆ. ನನ್ನ ಹಲ್ಲು ಕೇಳು, ಹೇಳುತ್ತೆ."

ಹೀಗಂದರೂ ಮುಚ್ಚುವುದಿಲ್ಲ ಅಂತ ಮಾತು ಕೊಟ್ಟರು. ಮಾರನೆಯ ಬೆಳಿಗ್ಗೆ ಕೋಲೂರಿಕೊಂಡು ಬಂದರು, ಮಾತು ಕೊಟ್ಟಿದ್ದೀನಿ ಅಂತ ಇನ್ನೊಮ್ಮೆ ಹೇಳಿದರು, ಆರು ಮಡಕೆಗೂ ನೀರು ಹಾಕಿದರು, ಕೊರಳಿನ ಶಾಲು ತೆಗೆದು ಬಲಗಡೆಯ ಮೂರರ ಮೇಲೆ ಉದ್ದಕ್ಕೆ ಹಾಸಿದರು, ಕೂತರು. ಶಾಲು ಮೂರಕ್ಕೂ ಸಾಕಾಯಿತು.

ಊರ ಮುಖ್ಯಸ್ಥ ತಾಕ್ ಓದಿದವನು. ಇದು ಬಾಯಿಮಾತಿನಲ್ಲಿ ಆಗುವ ಕೆಲಸವಲ್ಲ ಅಂತ ದೊಡ್ಡ ಅಕ್ಷರದಲ್ಲಿ "ದಯವಿಟ್ಟು ಮುಚ್ಚಬೇಡಿ" ಅಂತ ದಪ್ಪ ರಟ್ಟಿನ ಮೇಲೆ ಬರೆಸಿ ತಂದು ಗೋಡೆಗೆ ಒರಗಿಸಿದ. ಮಧ್ಯಾಹ್ನ ನೋಡಿದರೆ ಆ ರಟ್ಟು ಮಡಕೆಯ ಮೇಲಿತ್ತು. ಅಳತೆಗೆ ಸರಿಯಾಗಿತ್ತು. ಮುಚ್ಚಿದವರು ಯಾರು ಅಂತ ಕೇಳಿದರೆ, ತಾಕ್ ಟೋಪಿ ಸರಿ ಮಾಡಿಕೊಂಡು, ಹೋಗುವಾಗ ತಾನೇ ಮುಚ್ಚಿ ಹೋಗಿರಬಹುದು ಅಂದ.

ಆಗ ಜಿನ್ಬುವಿನವಳು ಒಂದು ಚಾಪೆ ತಂದು ಮಡಕೆಗಳ ಎದುರಿಗೆ ಹಾಸಿಕೊಂಡು ಕೂತಳು. ಯಾರನ್ನೂ ತಡೆಯಲಿಲ್ಲ. ಮನೆಗೆ ಬಂದವರ ಕೈ ಹಿಡಿಯುವುದು ಹೇಗೆ? ಅವರು ಮುಚ್ಚಿದರೆ ಇವಳು ತೆಗೆಯುವಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕುವಳು. ದೊಡ್ಡಮನೆಗೆ ಸೊನ್ನೆ, ತಾಕ್‌ಗೆ ಟೋಪಿ, ನನಗೆ ಸೋರೆ ಬುರುಡೆ. ಪಕ್ಕದಲ್ಲಿ ಗಡಿಯಾರ ನೋಡಿ ಹೊತ್ತು ಬರೆಯುವಳು.

ಸಂಜೆ ನಾನು ಹೋದಾಗ ಸೊನ್ನೆ ಮೂರು, ಟೋಪಿ ಎರಡು ಇದ್ದವು. ದೊಡ್ಡಮನೆ ಅಕ್ಕ ಮುಚ್ಚುವ ಚೆಂದ ನೋಡಬೇಕಿತ್ತು ಅಂತ ಜಿನ್ಬುವಿನವಳು ಎದ್ದು ತೋರಿಸಿದಳು. "ಹೀಗೆ ಬಂದ್ರು. ಹೀಗೆ ನೀರು ಹಾಕಿದ್ರು. ಮಾತು ಕೊಟ್ಟಿದ್ದೀನಿ ಅಂತಾನೇ ಇದ್ರು." ಹೇಳುತ್ತಾ ತಾನೂ ಮೂರು ಮಡಕೆಗೆ ನೀರು ಹಾಕಿದಳು, ಅಟ್ಟಣಿಗೆಯಿಂದ ಕಪ್ಪು ಬಟ್ಟೆ ಎಳೆದು ಒಂದೊಂದಕ್ಕೂ ಹಾಕಿ ಅಂಚು ಒಳಗೆ ಸೇರಿಸಿದಳು, ಬಂದು ಕೂತಳು. ಅದೂ ಅಣಕದ ಒಂದು ಭಾಗ ಅಂತ ನಾನು ನಗುತ್ತಿದ್ದೆ. ಅವಳು ಊಟಕ್ಕೆ ಏನು ಮಾಡಿದೆ ಅಂತ ಕೇಳಿದಳು. ಹುಳಿ ಬರಿಸಿದ ಮೂಲಂಗಿ ಕಿಮ್ಚಿ ಇದೆ ಅಂದೆ. ಬಟ್ಟೆ ಹಾಗೇ ಇತ್ತು.

"ತೆಗೆಯಲ್ವಾ?" ಅಂದೆ.

"ಏನನ್ನ?"

ನಾನು ಕೈ ತೋರಿಸಿದೆ. ಅವಳು ಮಡಕೆ ನೋಡಿದಳು, ನನ್ನನ್ನು ನೋಡಿದಳು. ನಾನು ಮುಚ್ಚಿದೆ ಅಂತ ಅವಳಿಗೆ ಮೊದಲು ಅನ್ನಿಸಿತು. ನಾನು ಬಂದಾಗಿನಿಂದ ಎದ್ದಿರಲಿಲ್ಲ. ಆಮೇಲೆ ಅವಳು ತನ್ನ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಎದ್ದು ಬಟ್ಟೆ ತೆಗೆದಳು. ಕ್ಯಾಲೆಂಡರಿನಲ್ಲಿ ತನಗೆ ಅಂತ ಗುರುತು ಇನ್ನೂ ಇಟ್ಟುಕೊಂಡಿರಲಿಲ್ಲ. ಒಂದು ಬರಿಯ ಗೆರೆ ಎಳೆದಳು.

ಕ್ಯಾಲೆಂಡರ್ ಕೆಳಗಿಟ್ಟು, "ಅಕ್ಕ, ಹಾಗಾದ್ರೆ ಆ ಕಾಗದದಲ್ಲಿ ಬರೆದಿದ್ದು ನಿಜ" ಅಂದಳು.

ಊರವರು ಮುಚ್ಚಿದ್ದು ಅಂತ ನಾನು ಹೇಳಿದೆ. ದಿನಕ್ಕೆ ಐದು ಸಲ ನೀರು ಹಾಕುತ್ತಿದ್ದವಳು ತಾನೇ, ಐದು ಸಲವೂ ಮುಚ್ಚಿರುತ್ತೀನಿ, ಊರವರು ಉಳಿದಷ್ಟು ಮುಚ್ಚಿರುತ್ತಾರೆ ಅಂದಳು. ಅವಳ ಲೆಕ್ಕ ಯಾವತ್ತೂ ತಪ್ಪಿದ್ದು ನೋಡಿಲ್ಲ.

ಆಮೇಲಿನ ಆರು ದಿನ ನಾನು ಬೆಳಿಗ್ಗೆಯಿಂದ ಬೆಳಕು ಇರುವ ತನಕ ಅಲ್ಲೇ ಕೂತೆ, ಅವಳ ಕೈ ನೋಡಿಕೊಳ್ಳಲು. ನನ್ನ ಕೈಯನ್ನು ಅವಳು ನೋಡಿಕೊಂಡಳು. ನೀರು ಹಾಕುವಾಗ ಅವಳು ಬುರುಡೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು, ಬಟ್ಟೆ ಎಲ್ಲ ನಮ್ಮ ಮನೆಗೆ ಸಾಗಿಸಿ ನೋಡಿದಳು. ಬಟ್ಟೆ ಸಿಗದ ದಿನ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಮುಚ್ಚಿದಳು. ಗೆರೆ ಎಳೆದಳು. ನಾನು ಹೇಳದಿದ್ದ ಒಂದು ಸಲ ತಾನೇ ಕಂಡುಕೊಂಡು ಎಳೆದಳು. ನಾನು ಯಾಕೆ ಹೇಳಲಿಲ್ಲ ಅಂದರೆ ತೂಕಡಿಸಿದ್ದೆ. ಅದನ್ನೂ ಪಕ್ಕದಲ್ಲಿ ಒಂದು ಚುಕ್ಕೆ ಹಾಕಿ ಇಟ್ಟಳು.

ನಾಲ್ಕನೆಯ ದಿನ ಬಲಗಡೆಯ ಕಾಂಡಗಳು ಕೆಂಪಾದವು. ಕೆಂಪು ಅಂದರೆ ಒಣಮೆಣಸಿನಕಾಯಿಯ ಕೆಂಪು. ಎಲೆ ಹಸಿರಾಗಿ ಬಿಚ್ಚಿಕೊಂಡಿತು. ಗಿಡ್ಡ, ದಪ್ಪ. ಎಡಗಡೆಯವು ಬೆಳ್ಳಗೆ ಉದ್ದಕ್ಕೆ ನಿಂತಿದ್ದವು. ಜಿನ್ಬುವಿನವಳಿಗೆ ಬಲಗಡೆ ನೋಡಲಾಗುತ್ತಿರಲಿಲ್ಲ. ಊಟ ಮಾಡುವಾಗ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಆದರೆ ಎದ್ದು ಹೋಗಲಿಲ್ಲ.

ಎಂಟನೆಯ ದಿನ ಪ್ಯೋ ಮೇಡಂ ಬಂದು, ಕೆಂಪು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಕತ್ತರಿಸಿಕೊಂಡು ಹೋದಳು. ಹುಣ್ಣಿಮೆಗೆ ಎರಡು ದಿನ ಇರುವಾಗ ಫೋಟೋ ಮತ್ತು ಹೊಸ ಕಾಗದ ತಂದಳು. ಆವತ್ತು ದೊಡ್ಡಮನೆ ಅಕ್ಕ, ತಾಕ್ ಎಲ್ಲ ಜಗಲಿಯಲ್ಲಿದ್ದರು. ಫೋಟೋದಲ್ಲಿ ಆ ಎರಡು ದಪ್ಪ ಗೆರೆ ಬಂದಿದ್ದವು, ಬೆಳಕಿನ ಮೂರೂ ಮಡಕೆಯದರಲ್ಲಿ. ಕತ್ತಲೆಯದರಲ್ಲಿ ಇರಲಿಲ್ಲ. ದೊಡ್ಡಮನೆ ಅಕ್ಕ ಕನ್ನಡಕ ಹಾಕಿ ನೋಡಿ, ಇದಕ್ಕೋಸ್ಕರವಾ ಅಂದರು.

ಜಿನ್ಬುವಿನವಳು ಹೊಸ ಕಾಗದ ನನಗೆ ಕೊಟ್ಟಳು. ಹೆಸರು ಇತ್ತು. ಕೆಳಗೆ ಆ ಸಾಲು ಇರಲಿಲ್ಲ. ಇಲ್ಲ ಅಂತ ಹೇಳಿದೆ.

"ತೆಗೆದೆ ಅಜ್ಜಿ" ಅಂದಳು ಪ್ಯೋ ಮೇಡಂ. "ಈ ಸಲ ಎಲ್ಲ ಸರಿಯಾಗಿ ಮಾಡಿದ್ದೀರಿ. ಮೊಹರು ಒತ್ತಿ ಸಾಕು."

"ಮಾಡಿಲ್ಲ" ಅಂದಳು ಜಿನ್ಬುವಿನವಳು. ಕ್ಯಾಲೆಂಡರ್ ತಂದು ನೆಲದ ಮೇಲೆ ಹರಡಿದಳು. "ಏಳು ದಿನದಲ್ಲಿ ಐವತ್ತೊಂದು ಸಲ ಮುಚ್ಚಿದ್ದಾಗಿದೆ. ಅದ್ರಲ್ಲಿ ಹತ್ತೊಂಬತ್ತು ನಂದು."

ಪ್ಯೋ ಮೇಡಂ ಬಗ್ಗಿ ನೋಡಿದಳು. ಒಂದೊಂದು ಸಲವೂ ಎರಡು ಮೂರು ನಿಮಿಷ, ಅಷ್ಟಕ್ಕೆಲ್ಲ ಪ್ರೋಟೀನು ಬದಲಾಗಲ್ಲ, ಬಿಡಿ ಅಂದಳು.

"ಎಷ್ಟು ಹೊತ್ತು ಮುಚ್ಚಿದ್ರೆ ಬದಲಾಗುತ್ತೆ?"

"ಅದು... ಇನ್ನೂ ಯಾರೂ ಅಳೆದು ನೋಡಿಲ್ಲ ಅಜ್ಜಿ."

"ಗೊತ್ತಿಲ್ಲ ಅಂದ್ಮೇಲೆ ಬರೀಬೇಕಲ್ವಾ?"

ಪ್ಯೋ ಮೇಡಂ ಪೆನ್ನು ತೆಗೆದಳು. ಬರೆದರೆ ನಿಮ್ಮ ಹೆಸರಿನ ಕೆಳಗೇ ಬರುತ್ತದೆ ಅಂತ ಹೇಳಿದಳು. ಹೋದ ಸಲ ಬೇಡ ಅಂದದ್ದು ಅದು ಸುಳ್ಳು ಅಂದುಕೊಂಡಿದ್ದರಿಂದ ಅಂತ ಜಿನ್ಬುವಿನವಳು ಹೇಳಿದಳು. ಈಗ ಅದು ನಿಜ, ಎಷ್ಟು ಸಲ ಅಂತಲೂ ಗೊತ್ತು ಅಂದಳು.

ಬೆಳೆಸಿದವರು ಹತ್ತೊಂಬತ್ತು ಸಲ, ನೆರೆಯವರು ಮೂವತ್ತೆರಡು ಸಲ ಅಂತ ಪ್ಯೋ ಮೇಡಂ ಬರೆದಳು. ನಾನು ಗಟ್ಟಿಯಾಗಿ ಓದಿದೆ.

"ನೆರೆಯವರು ಅಂದ್ರೆ ಯಾರು?" ಅಂದರು ದೊಡ್ಡಮನೆ ಅಕ್ಕ.

"ಹೆಸರು ಬೇಡ ಅಕ್ಕ, ನಿಮ್ಮನ್ನ ಯಾಕೆ ಎಳೀಲಿ?"

"ಹದಿನೇಳು ಸಲ ಮುಚ್ಚಿದ್ದೀನಿ. ಈ ವಯಸ್ಸಲ್ಲಿ, ಹಿಮದಲ್ಲಿ ಬಂದು. ಅದನ್ನ ಯಾರೋ ನೆರೆಯವರ ಲೆಕ್ಕಕ್ಕೆ ಹಾಕ್ತೀಯಾ?"

ಅವರ ಹೆಸರನ್ನೂ ಹಾಕಬೇಕಾಯಿತು. ಆಮೇಲೆ ತಾಕ್ ತನ್ನದು ಐದು ಅಂದ. ನನ್ನದು ಆರು. ಇನ್ನು ನಾಲ್ಕು ಯಾರದು ಅಂತ ಗೊತ್ತಿರಲಿಲ್ಲ, ಜಿನ್ಬುವಿನವಳು ಶೌಚಕ್ಕೆ ಹೋಗಿ, ನಾನೂ ತೂಕಡಿಸುತ್ತಿದ್ದಾಗ ಆದದ್ದು. ಗೊತ್ತಿಲ್ಲ ಅಂತಲೇ ಬರೆಸಿದಳು. ಸಾಲು ಒಂದಿದ್ದದ್ದು ನಾಲ್ಕಾಯಿತು. ಹೆಸರಿನ ಕೆಳಗೆ ಜಾಗ ಸಾಲದೆ ಪ್ಯೋ ಮೇಡಂ ಅಂಚಿನಲ್ಲಿ ಮೇಲಕ್ಕೆ ಬರೆದಳು.

ಪೂರ್ತಿ ಇನ್ನೊಂದು ಸಲ ಓದಿಸಿದಳು ಜಿನ್ಬುವಿನವಳು. ಹತ್ತೊಂಬತ್ತು ಅನ್ನುವ ಅಂಕಿಯನ್ನು ತಾನೇ ಬೆರಳಿಟ್ಟು ನೋಡಿಕೊಂಡಳು. ಸರಿಯಾಗಿದೆ ಅಂದಳು. ಮೊಹರು ತೆಗೆದು, ಬಾಯಿಂದ ಉಸಿರು ಬಿಟ್ಟು, ಕೆಂಪು ಮಸಿಯಲ್ಲಿ ಅದ್ದಿ ಒತ್ತಿದಳು. ಸ್ವಲ್ಪ ಎಡಕ್ಕೆ ವಾಲಿತು. ಇನ್ನೊಂದು ಹಾಳೆ ಇದೆಯಾ ಅಂತ ಕೇಳಿದಳು. ಇರಲಿಲ್ಲ.